ಬೆನ್ನು ಹತ್ತುವುದು, ಬೆನ್ನಿಗೆ ನಿಲ್ಲುವುದು

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)





ಕಾರ್ಯದರ್ಶಿಯವರು ಫೋನ್ ಮಾಡಿ, "ಈಗ ಎಲ್ಲಿದ್ದೀರಿ?" ಎಂದು ಕೇಳಿದಾಗ "ಲಂಕಾದಲ್ಲಿ" ಎಂದೆ. "ಓ, ಕೊಲಂಬೋನಾ?" ಎಂದರು. ಅಲ್ಲ, ಇದು ಕಾಶಿಯ ಲಂಕಾ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರಿಗಿರುವ ಬಡಾವಣೆ. ಅಸ್ಸಿಯ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗ ಆಡುತ್ತಿದ್ದ ಜಾಗವಾದ್ದರಿಂದ ಈ ಹೆಸರು ಬಂತು ಎಂದು ಇಲ್ಲಿಯವರು ಹೇಳುತ್ತಾರೆ. ನಾನು ಎಂಟೆಕ್ ಓದಿದ್ದು ಇಲ್ಲೇ. ಆಮೇಲೆ ಬೆಂಗಳೂರಿನಲ್ಲಿ ಕೆಲಸ, ಮದುವೆ. ಯಜಮಾನರಿಗೆ ಇಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದ ಮೇಲೆ ಮತ್ತೆ ಲಂಕಾಕ್ಕೇ ಬಂದೆ. ಬೆಂಗಳೂರಿನ ಕೆಲಸವನ್ನು ಈಗ ಇಲ್ಲಿಂದಲೇ ಮಾಡುತ್ತೇನೆ. ನಾನೂ ಸೇರಿ ಒಂಬತ್ತು ಜನರ ಒಂದು ತಂಡವನ್ನು ನೋಡಿಕೊಳ್ಳುತ್ತೇನೆ.

ಕಾಶಿಗೆ ಬಂದ ಕನ್ನಡಿಗರು ಜಂಗಮವಾಡಿ ಮಠಕ್ಕೆ ಹೋಗುತ್ತಾರೆ, ಹನುಮಾನ್ ಘಾಟ್‌ನ ಕರ್ನಾಟಕ ಛತ್ರದಲ್ಲಿ ಇಳಿದುಕೊಳ್ಳುತ್ತಾರೆ. ನಮಗೆ ಈ ಊರಿನ ಜೊತೆ ಇನ್ನೂ ಒಂದು ನಂಟಿದೆ. 1916ರಲ್ಲಿ ಮದನ ಮೋಹನ ಮಾಳವೀಯರು ಈ ವಿಶ್ವವಿದ್ಯಾಲಯ ಕಟ್ಟಿದಾಗ ಅದರ ಮೊದಲ ಕುಲಾಧಿಪತಿಗಳಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಆ ಹೊತ್ತಿಗೆ ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಒಳ್ಳೆಯವರನ್ನು ಹುಡುಕಿ, ಕೆಲಸ ಒಪ್ಪಿಸಿ, ಅವರ ಬೆನ್ನಿಗೆ ನಿಲ್ಲುವುದು ನಾಲ್ವಡಿಯವರ ರೀತಿಯಾಗಿತ್ತು ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನನ್ನ ಇವತ್ತಿನ ವಿಷಯವೂ ಅದೇ. ಕೈಕೆಳಗೆ ಕೆಲಸ ಮಾಡುವವರು ಚೆನ್ನಾಗಿಯೂ ಇರಬೇಕು, ಕೆಲಸವೂ ಚೆನ್ನಾಗಿ ಆಗಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ?

ನಾನು ಮ್ಯಾನೇಜ್‌ಮೆಂಟ್ ಓದಿದವಳಲ್ಲ. ತಪ್ಪು ಮಾಡಿ ಕಲಿತವಳು. ಅದಕ್ಕೇ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ.

ನಮ್ಮ ತಂಡ ಅಂಗಡಿಗಳ ಬಿಲ್ಲು ಮತ್ತು ಪಾವತಿಯ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತದೆ. ಒಂದು ದೊಡ್ಡ ರಿಲೀಸ್ ಹತ್ತಿರ ಬಂದಿತ್ತು. ಬೆಳಗಿನ ಮೀಟಿಂಗಿನಲ್ಲಿ ಒಬ್ಬ ಹುಡುಗಿ, "ಮಗುವಿಗೆ ಹುಷಾರಿಲ್ಲ, ಎರಡು ದಿನ ಅರ್ಧ ದಿನದ ರಜೆ ಬೇಕಿತ್ತು" ಎಂದು ಕೇಳಿದಳು. ನಾನು ನಗುನಗುತ್ತಲೇ, "ರಿಲೀಸ್ ಮುಗಿಯಲಮ್ಮಾ, ಆಮೇಲೆ ಒಂದು ವಾರವೇ ತಗೋ" ಎಂದೆ. ಆ ಗಳಿಗೆಯಲ್ಲಿ ನನಗೆ ಅದು ದೊಡ್ಡ ಮಾತು ಅನ್ನಿಸಲೇ ಇಲ್ಲ. ಅವಳು "ಸರಿ" ಅಂದಳು. ಮಗುವನ್ನು ಅವಳ ಅತ್ತೆ ನೋಡಿಕೊಂಡರು. ವಿಷಯ ಮುಗಿಯಿತು ಅಂದುಕೊಂಡೆ.

ಎರಡು ವಾರ ಕಳೆದಿರಬೇಕು. ಗುರುವಾರ ರಾತ್ರಿ ಒಂದೂವರೆ ಗಂಟೆಗೆ ಫೋನ್ ಬಂತು. ಪರೀಕ್ಷೆಗೆ ಇಟ್ಟುಕೊಂಡಿದ್ದ ಹಳೆಯ ಮಾಹಿತಿಯನ್ನು ಅಳಿಸುವ ಕೆಲಸವನ್ನು ಹುಬ್ಬಳ್ಳಿಯ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಅವನು ಅದನ್ನು ತಪ್ಪಿ ಅಸಲಿ ಲೆಕ್ಕದ ಮೇಲೆ ನಡೆಸಿಬಿಟ್ಟಿದ್ದ. ಆ ದಿನದ ಪಾವತಿಯ ದಾಖಲೆಗಳು ಹೋದವು. ಬ್ಯಾಕಪ್‌ನಿಂದ ವಾಪಸ್ ತರಲು ಬೆಳಗಾಯಿತು. ಲೆಕ್ಕ ತಾಳೆ ನೋಡಲು ಇನ್ನೂ ಎರಡು ದಿನ. ಕ್ಲೈಂಟ್ ಕೆಂಡಾಮಂಡಲ.

ಅಸಲಿ ಲೆಕ್ಕವನ್ನು ಮುಟ್ಟುವ ಯಾವ ಕೆಲಸವನ್ನೂ ಇಬ್ಬರು ನೋಡಿಯೇ ಮಾಡಬೇಕು ಎಂಬ ನಿಯಮ ನಮ್ಮಲ್ಲಿತ್ತು. ಸಮಯವಿಲ್ಲ ಎಂದು "ಈ ಸಲಕ್ಕೆ ಬಿಡಿ" ಎಂದವಳು ನಾನೇ. ಆದರೆ ಮರುದಿನ ವರದಿ ಬರೆಯಲು ಕುಳಿತಾಗ ನನ್ನ ಬೆರಳು ಮೊದಲು ಟೈಪ್ ಮಾಡಿದ್ದು "ವೈಯಕ್ತಿಕ ನಿರ್ಲಕ್ಷ್ಯ" ಎಂದು.

ಕಳಿಸುವ ಮುಂಚೆ ಅವನಿಗೊಂದು ಫೋನ್ ಮಾಡಿದೆ. "ನೀನು ಇಂಥ ತಪ್ಪು ಮಾಡೋನಲ್ಲ, ಏನಾಯಿತಪ್ಪಾ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ. ಅವನ ತಂದೆಯವರಿಗೆ ಕಿಡ್ನಿ ಕೈಕೊಟ್ಟಿದೆ, ಡಯಾಲಿಸಿಸ್ ಶುರುವಾಗಿದೆ, ಮೂರು ರಾತ್ರಿಯಿಂದ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು ಮೊಬೈಲಿನ ನೆಟ್ ಹಾಕಿಕೊಂಡು ಕೆಲಸ ಮಾಡುತ್ತಿದ್ದಾನೆ. "ಯಾಕೋ ಮೊದಲೇ ಹೇಳಲಿಲ್ಲ?" ಎಂದೆ. "ಅವತ್ತ ಅಕ್ಕಾರು ಮಗೂಗ ಆರಾಮಿಲ್ಲ ಅಂದ್ರೂ ರಿಲೀಸ್ ಮುಗೀಲಿ ಅಂದ್ರಲ್ರೀ ಮೇಡಂ. ನಾ ಹ್ಯಾಂಗ ಕೇಳ್ಲಿ?" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಒಬ್ಬಳಿಗೆ ಹೇಳಿದ ಮಾತು ಎಂಟು ಜನರಿಗೆ ನಿಯಮವಾಗಿ ಕೂತಿತ್ತು.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಿದೆ. ಪೂರ್ವಾಂಚಲದ ಹಳ್ಳಿಗಳಿಂದ, ಬಿಹಾರದಿಂದ ರೋಗಿಗಳು ಬರುತ್ತಾರೆ. ಅವರ ಕಡೆಯವರು ಹೊರಗೆ ಚಾದರ ಹಾಸಿಕೊಂಡು ಮಲಗಿರುತ್ತಾರೆ, ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದು ಲಂಕಾದ ಔಷಧದಂಗಡಿಗಳ ಮುಂದೆ ನಿಂತಿರುತ್ತಾರೆ. ದಿನಾ ತರಕಾರಿಗೆ ಹೋಗುವಾಗ ಅವರನ್ನು ನೋಡಿ "ಪಾಪ" ಅಂದುಕೊಳ್ಳುವವಳು ನಾನು. ನನ್ನದೇ ತಂಡದ ಹುಡುಗ ಹಾಗೆಯೇ ಕುಳಿತಿದ್ದದ್ದು ನನಗೆ ಕಾಣಲಿಲ್ಲ. ದಿನಕ್ಕೆ ಎರಡು ಸಲ ಪರದೆಯ ಮೇಲೆ ಅವನ ಮುಖ ನೋಡುತ್ತಿದ್ದೆ.

ವರದಿಯನ್ನು ತಿದ್ದಿ ಬರೆದೆ. ಇಬ್ಬರು ನೋಡುವ ನಿಯಮ ಸಡಿಲಿಸಿದ್ದು ನನ್ನ ತೀರ್ಮಾನ, ಮೂರು ರಾತ್ರಿ ನಿದ್ದೆಗೆಟ್ಟವನಿಗೆ ನಡುರಾತ್ರಿಯ ಕೆಲಸ ಕೊಟ್ಟದ್ದೂ ನಾನು ಎಂದು ಬರೆದೆ. ನನ್ನ ಮೇಲಿನವರು ಓದಿ, "ಹಾಗಾದರೆ ತಪ್ಪು ನಿಮ್ಮದು ಅಂತ ಒಪ್ಪಿಕೊಳ್ಳುತ್ತೀರಾ?" ಎಂದರು. ಒಪ್ಪಿಕೊಂಡೆ. ಆ ವರ್ಷ ನನ್ನ ಸಂಬಳ ಅಷ್ಟಾಗಿ ಏರಲಿಲ್ಲ. ಅದನ್ನೂ ನಿಮಗೆ ಹೇಳಬೇಕು, ಏಕೆಂದರೆ ಇದೆಲ್ಲ ಪುಕ್ಕಟೆಯಾಗಿ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಸಹೋದರಿಯರೇ, ಆರೋಗ್ಯ ಬೇರೆ, ಕೆಲಸ ಬೇರೆ, ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ ಎಂದು ನಾವು ತಕ್ಕಡಿಯ ಹಾಗೆ ಯೋಚಿಸುತ್ತೇವೆ. ಆ ರಾತ್ರಿ ನನ್ನ ತಂಡದಲ್ಲಿ ಎರಡೂ ಒಟ್ಟಿಗೇ ಕೆಟ್ಟವು. ನಾಲ್ಕು ತಾಸು ಉಳಿಸಲು ಹೋಗಿ ಮೂರು ದಿನ ಕಳೆದುಕೊಂಡೆ.

ಕೆಲಸದ ಗಂಟೆಗಳ ಚರ್ಚೆ ನಿಮಗೆಲ್ಲ ಗೊತ್ತೇ ಇದೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಕರ್ನಾಟಕದಲ್ಲಿ ಐಟಿಯವರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹೆಚ್ಚಿಸುವ ಪ್ರಸ್ತಾವ ಸುದ್ದಿಯಾಯಿತು, ನೌಕರರ ಸಂಘ ಬಲವಾಗಿ ವಿರೋಧಿಸಿತು. ಹಿರಿಯರು ದೇಶ ಕಟ್ಟುವ ಉತ್ಸಾಹದಲ್ಲಿ ಹೇಳಿರಬಹುದು. ಆದರೆ ದೇಹ ಬೇರೆ ಲೆಕ್ಕ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು.

ನಮ್ಮ ವೇದಿಕೆ ಮಹಿಳೆಯರದ್ದು, ಹಾಗಾಗಿ ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 289 ನಿಮಿಷವೆಂದರೆ ವಾರಕ್ಕೆ ಹೆಚ್ಚುಕಡಿಮೆ 34 ಗಂಟೆ. ಆಫೀಸಿನ 45 ಗಂಟೆಗೆ ಇದನ್ನು ಕೂಡಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಆ 70 ಗಂಟೆಯನ್ನು ಯಾರೂ ಹೇಳದೆಯೇ ನಾವು ದಾಟಿಯಾಗಿದೆ. ಆದ್ದರಿಂದ ತಂಡದ ಮುಂದೆ ನಿಂತ ಮೇಲೆ, ಎಲ್ಲರ ದಿನಕ್ಕೂ ಒಂದೇ ಅಳತೆಯ ಗಂಟೆಗಳಿವೆ ಎಂದು ಎಣಿಸಬಾರದು.

ಈಗ, ಆ ಘಟನೆಯ ನಂತರ ನಾನು ಏನೇನು ಬದಲಿಸಿದೆ ಎಂದು ಹೇಳುತ್ತೇನೆ. ಎಲ್ಲವೂ ಸಣ್ಣವು. ನಿಮ್ಮ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಕ್ಲಿನಿಕ್ಕಿನಲ್ಲಿ, ನಮ್ಮ ಸಂಘದಲ್ಲಿಯೂ ನಡೆಯುವಂಥವು.

ಒಂದು, ಪ್ರಶ್ನೆ ಬದಲಿಸಿದೆ. "ಹೇಗಿದ್ದೀರಿ?" ಎಂದರೆ ನಾವು ಕನ್ನಡದವರು "ಚೆನ್ನಾಗಿದ್ದೀನಿ" ಎಂದೇ ಹೇಳುತ್ತೇವೆ, ಜ್ವರ ಬಂದಿದ್ದರೂ. ಈಗ ಪ್ರತಿಯೊಬ್ಬರ ಜೊತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೂರುತ್ತೇನೆ. ಮೊದಲು ಕೇಳುವುದು, "ಈ ವಾರ ನಿಮಗೆ ಯಾವುದು ಭಾರ ಆಗ್ತಿದೆ?" ಇದಕ್ಕೆ "ಚೆನ್ನಾಗಿದೆ" ಎಂದು ಉತ್ತರಿಸಲು ಆಗುವುದಿಲ್ಲ. ಮೊದಲ ಎರಡು ಮೂರು ಸಲ ಎಲ್ಲರೂ ಆಫೀಸಿನ ಭಾರವನ್ನೇ ಹೇಳಿದರು. ನಾಲ್ಕನೆಯ ಸಲದ ಹೊತ್ತಿಗೆ ಮನೆಯದೂ ಬಂತು. ಕೆದಕಿ ಕೇಳುವುದಿಲ್ಲ. ಹೇಳಿದರೆ ಕೇಳಿಸಿಕೊಳ್ಳುತ್ತೇನೆ, ಕೆಲಸದಲ್ಲಿ ಏನು ಹೊಂದಿಸಬಹುದು ಎಂದಷ್ಟೇ ನೋಡುತ್ತೇನೆ.

ಎರಡು, ರಾತ್ರಿಯ ಮೆಸೇಜು. ಮಗಳು ಮಲಗಿದ ಮೇಲೆ ಹನ್ನೊಂದಕ್ಕೆ ಕುಳಿತು ಮೆಸೇಜ್ ಹಾಕುವುದು ನನ್ನ ಅಭ್ಯಾಸವಾಗಿತ್ತು. "ಈಗಲೇ ನೋಡಬೇಕಿಲ್ಲ" ಎಂದು ಕೆಳಗೆ ಬರೆಯುತ್ತಿದ್ದೆ. ಮೇಲಿನವರು ಹಾಗೆ ಬರೆದರೆ ಯಾರಾದರೂ ನೋಡದೆ ಮಲಗುತ್ತಾರೆಯೇ? ಈಗಲೂ ಹನ್ನೊಂದಕ್ಕೇ ಬರೆಯುತ್ತೇನೆ, ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಸಮಯ ಇಟ್ಟುಬಿಡುತ್ತೇನೆ. ನಿಜವಾದ ತುರ್ತು ಬಂದರೆ ಫೋನ್. ಅದಕ್ಕೂ ಸರದಿ ಇದೆ, ಸರದಿಯಲ್ಲಿ ನನ್ನ ಹೆಸರೂ ಇದೆ. ರಾತ್ರಿ ಎದ್ದವರು ಮರುದಿನ ಮಧ್ಯಾಹ್ನದ ಮೇಲೆ ಬರುತ್ತಾರೆ, ಕೇಳುವ ಅಗತ್ಯವಿಲ್ಲ.

ಮೂರು, ಪಟ್ಟಿ. ಹೊಸ ಕೆಲಸ ಬಂದಾಗ ಮೊದಲೆಲ್ಲ "ಮಾಡೋಣ" ಎನ್ನುತ್ತಿದ್ದೆ. ಹೆಂಗಸರಿಗೆ "ಆಗುವುದಿಲ್ಲ" ಎನ್ನಲು ಕಲಿಸಿರುವುದಿಲ್ಲ. ಈಗ ತಂಡದ ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನು ಕ್ಲೈಂಟ್ ಮುಂದೆ ಇಟ್ಟು, "ಇದನ್ನು ಸೇರಿಸುತ್ತೇವೆ, ಯಾವುದನ್ನು ಹಿಂದಕ್ಕೆ ಹಾಕೋಣ?" ಎಂದು ಕೇಳುತ್ತೇನೆ. ಮೊದಲ ಸಲ ಕೇಳುವಾಗ ಕೈ ನಡುಗಿತ್ತು. ಅವರು ಎರಡು ನಿಮಿಷ ಯೋಚಿಸಿ ಒಂದನ್ನು ಹಿಂದಕ್ಕೆ ಹಾಕಿದರು. ಅಷ್ಟೇ. ಪ್ರತಿ ಸಲ ಹಾಗೆ ಸುಲಭವಾಗಿಲ್ಲ, ಆದರೆ ಕೇಳದೇ ಇದ್ದಾಗ ಹಿಂದಕ್ಕೆ ಹೋಗುತ್ತಿದ್ದದ್ದು ಯಾರದೋ ನಿದ್ದೆ.

ನಾಲ್ಕು, ತಪ್ಪಿನ ವಿಚಾರಣೆ. "ಯಾರು ಮಾಡಿದ್ದು?" ಎಂದು ಕೇಳುವುದನ್ನು ಬಿಟ್ಟು, "ಇದು ಆಗಲು ಎಲ್ಲೆಲ್ಲಿ ದಾರಿ ತೆರೆದಿತ್ತು?" ಎಂದು ಕೇಳುತ್ತೇವೆ. ಹಾರ್ವರ್ಡ್‌ನ ಆಮಿ ಎಡ್ಮಂಡ್‌ಸನ್ ಎಂಬ ಪ್ರೊಫೆಸರ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಹೋದರೆ, ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚಿತ್ತು! ನೋಡಿದರೆ, ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ತಪ್ಪು ಹೇಳಿದರೆ ತಲೆ ಹೋಗುವುದಿಲ್ಲ ಎಂಬ ಧೈರ್ಯವಿದ್ದಲ್ಲಿ ಮಾತ್ರ ತಪ್ಪು ತಿದ್ದಲು ಸಿಗುತ್ತದೆ.

ಇಲ್ಲಿ ಲಂಕಾದ ಒಂದು ಮಾತು ನೆನಪಾಗುತ್ತದೆ. ನಾವು ಓದುವಾಗ ರವಿದಾಸ್ ಗೇಟ್ ಹತ್ತಿರ "ಚಾಚಿ ಕೀ ಕಚೌಡಿ" ಎಂಬ ಅಂಗಡಿ ಇತ್ತು. 2025ರ ಜೂನ್‌ನಲ್ಲಿ ರಸ್ತೆ ಅಗಲ ಮಾಡುವಾಗ ಅದು ಹೋಯಿತು, ಪಕ್ಕದ ಪೆಹಲ್ವಾನ್ ಲಸ್ಸಿಯೂ ಹೋಯಿತು. ಆ ಚಾಚಿ ಗಿರಾಕಿಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ, ಜನ ಅದನ್ನು ಆಶೀರ್ವಾದ ಅಂದುಕೊಂಡು ಕಚೌಡಿ ತಿನ್ನುತ್ತಿದ್ದರಂತೆ. ಆ ಬೈಗುಳದ ಕಥೆಗಳನ್ನು ಸೀನಿಯರ್‌ಗಳ ಬಾಯಲ್ಲಿ ಕೇಳಿ ನಕ್ಕಿದ್ದೇವೆ. ಕೆಲವು ಮೇಲಧಿಕಾರಿಗಳೂ ಹಾಗೆಯೇ, "ನಾನು ಬೈಯೋದು ಪ್ರೀತಿಗೆ" ಎನ್ನುತ್ತಾರೆ. ಆದರೆ ಚಾಚಿಯ ಬೈಗುಳ ಇಷ್ಟವಾಗದವನು ಪಕ್ಕದ ಅಂಗಡಿಗೆ ಹೋಗಬಹುದಿತ್ತು. ಮನೆ ಸಾಲದ ಕಂತು ಕಟ್ಟುವವನು ಹಾಗೆ ಎದ್ದು ಹೋಗಲು ಆಗುವುದಿಲ್ಲ. ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲದವರಿಗೆ ಬೈಯುವುದು ಪ್ರೀತಿಯಲ್ಲ.

ಐದು, ರಜೆ. 2017ರಲ್ಲಿ ಹೆರಿಗೆ ರಜೆ 26 ವಾರವಾಯಿತು, 50 ಅಥವಾ ಹೆಚ್ಚು ಜನರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಾಯಿತು. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಇದು ಸಂತೋಷದ ವಿಷಯ. ಆದರೆ ಕಾನೂನು ರಜೆ ಕೊಟ್ಟರೂ ಹುಡುಗಿ ಅದನ್ನು ಕೇಳುವುದು ನಮ್ಮ ಮುಖ ನೋಡಿಕೊಂಡು. "ನಮ್ಮ ಕಾಲದಲ್ಲಿ ನಾವು ಹೀಗೆಲ್ಲ ಕೇಳ್ತಿದ್ವಾ?" ಎಂಬ ಒಂದು ಮಾತು ಸಾಕು, ಹನ್ನೆರಡೂ ದಿನ ಹಾಳೆಯ ಮೇಲೆ ಉಳಿಯುತ್ತವೆ. ಆ ಮಾತು ಆಡುವವರಲ್ಲಿ ಹೆಂಗಸರೂ ಕಡಿಮೆಯಿಲ್ಲ, ನಾನೂ ಆಡಿದ್ದೇನೆ. ಈಗ ನಾನು ರಜೆ ತಗೊಂಡಾಗ ತಂಡದ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ರಜೆಯಲ್ಲಿ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಮುಂದಿರುವವಳು ರಜೆಯಲ್ಲೂ ಉತ್ತರ ಕೊಡುತ್ತಿದ್ದರೆ ಹಿಂದಿರುವವರಿಗೆ ರಜೆ ಇಲ್ಲ ಎಂದೇ ಅರ್ಥ.

ಆರನೆಯದು ಕಷ್ಟದ್ದು. ಕಾಳಜಿ ಅಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ನಮ್ಮ ತಂಡದಲ್ಲಿ ಒಬ್ಬರು ತಿಂಗಳುಗಟ್ಟಲೆ ಹೇಳಿದ ಕೆಲಸ ಮುಗಿಸುತ್ತಿರಲಿಲ್ಲ. ನಾನು "ಪಾಪ, ಏನೋ ತೊಂದರೆ ಇರಬೇಕು" ಎಂದು ಸುಮ್ಮನಿದ್ದೆ. ಅವರ ಪಾಲಿನ ಕೆಲಸ ಸದ್ದಿಲ್ಲದೆ ಇನ್ನಿಬ್ಬರ ತಲೆಯ ಮೇಲೆ ಬೀಳುತ್ತಿತ್ತು. ನನ್ನ ಒಳ್ಳೆಯತನದ ಬಿಲ್ಲನ್ನು ಅವರಿಬ್ಬರು ಕಟ್ಟುತ್ತಿದ್ದರು. ಕೊನೆಗೆ ಎದುರು ಕೂರಿಸಿಕೊಂಡು ಕೇಳಿದೆ: ಮನೆಯಲ್ಲಿ ತೊಂದರೆಯೇ, ಕೆಲಸ ಬಾರದೇ, ಅಥವಾ ಮನಸ್ಸಿಲ್ಲವೇ? ಮೂರಕ್ಕೂ ಬೇರೆ ಬೇರೆ ಔಷಧ. ಅವರಿಗೆ ಆ ಕೆಲಸ ಬರುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ಮೂರು ತಿಂಗಳು ಕಲಿಯಲು ಕೊಟ್ಟೆವು, ಏನು ಬರಬೇಕು ಎಂದು ಬರೆದು ಕೊಟ್ಟೆವು. ಆದರೂ ಹೊಂದಲಿಲ್ಲ, ಬೇರೆ ವಿಭಾಗಕ್ಕೆ ಹೋದರು. ಅಲ್ಲಿ ಚೆನ್ನಾಗಿದ್ದಾರೆ. ಆ ಮಾತನ್ನು ಆರು ತಿಂಗಳು ಮೊದಲೇ ಆಡಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಏನು ಆಗಬೇಕು ಎಂದು ಸ್ಪಷ್ಟವಾಗಿ ಹೇಳುವುದೂ ಒಂದು ದಯೆ.

ಆ ಹುಬ್ಬಳ್ಳಿಯ ಹುಡುಗ ಏನಾದ ಎಂದು ನಿಮಗೆ ಕುತೂಹಲ ಇರಬಹುದು. ಡಯಾಲಿಸಿಸ್ ಇರುವ ದಿನಗಳಲ್ಲಿ ಅವನಿಗೆ ಅರ್ಧ ದಿನ ಕೆಲಸ ಎಂದು ಹೊಂದಿಸಿಕೊಂಡೆವು. ಮೊದಲು ಅವನ ಬದಲು ಕೈಜೋಡಿಸಿದವಳು, ನಾನು ಅರ್ಧ ದಿನದ ರಜೆ ಕೊಡದ ಆ ತಾಯಿಯೇ. ಅವಳಲ್ಲಿ ನಾನು ಎಲ್ಲರ ಎದುರಿನಲ್ಲೇ ಕ್ಷಮೆ ಕೇಳಿದ್ದೆ, ಏಕೆಂದರೆ ಆ ಮಾತನ್ನು ಎಲ್ಲರ ಎದುರಿನಲ್ಲೇ ಆಡಿದ್ದೆ.

ಮುಂದಿನ ರಿಲೀಸಿನ ದಿನ ಸಂಜೆ ಐದು ಗಂಟೆ. ಎಲ್ಲ ತಯಾರಾಗಿತ್ತು. ಅವನು ಮೈಕ್ ತೆಗೆದು, "ಒಂದ್ ನಿಮಿಷ ನಿಲ್ಲಸ್ರಿ ಮೇಡಂ, ಲೆಕ್ಕದಾಗ ಏನೋ ತಪ್ಪೈತಿ" ಎಂದ. ಹುಡುಕಿದರೆ ನಿಜವೇ. ತೆರಿಗೆ ಲೆಕ್ಕ ಹಾಕುವ ಒಂದು ಕಡೆ ನಾವ್ಯಾರೂ ನೋಡದ ತಪ್ಪಿತ್ತು. ಆ ರಾತ್ರಿ ರಿಲೀಸ್ ಆಗಲಿಲ್ಲ, ಎರಡು ದಿನ ತಡವಾಯಿತು. ಆದರೆ ತಪ್ಪು ಲೆಕ್ಕ ಅಂಗಡಿಗಳಿಗೆ ಹೋಗಲಿಲ್ಲ. ಹಿಂದೆ ಅಷ್ಟು ದೊಡ್ಡ ಪೆಟ್ಟು ತಿಂದವನು, ಎಲ್ಲರೂ ಅವಸರದಲ್ಲಿರುವಾಗ "ನಿಲ್ಲಿಸಿ" ಎನ್ನಬೇಕಾದರೆ ಅವನಿಗೆ ನಮ್ಮ ಮೇಲೆ ಎಷ್ಟು ನಂಬಿಕೆ ಇದ್ದಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ. ವರದಿಯಲ್ಲಿ "ವೈಯಕ್ತಿಕ ನಿರ್ಲಕ್ಷ್ಯ" ಎಂದು ಬರೆದು ಕಳಿಸಿದ್ದರೆ, ಅಂದು ಅವನು ಬಾಯಿ ತೆರೆಯುತ್ತಿರಲಿಲ್ಲ. ಬಹುಶಃ ನಮ್ಮ ಜೊತೆಯೂ ಇರುತ್ತಿರಲಿಲ್ಲ.

ಅವನ ತಂದೆ ಕೆಲವು ತಿಂಗಳ ನಂತರ ತೀರಿಕೊಂಡರು. ಕಾಶಿಯಲ್ಲಿ ಅಸ್ಥಿ ಬಿಡಲು ತಾಯಿಯನ್ನು ಕರೆದುಕೊಂಡು ಬಂದಾಗ ನಮ್ಮ ಮನೆಗೂ ಬಂದಿದ್ದ. ಊಟಕ್ಕೆ ಅನ್ನ ಸಾರು ಮಾಡಿದ್ದೆ. ಹೋಗುವಾಗ ಆ ತಾಯಿ ನನ್ನ ಕೈ ಹಿಡಿದುಕೊಂಡು, "ಕಡೀ ದಿನದಾಗ ಮಗ ಅಪ್ಪನ ಹತ್ರಾನ ಇದ್ದ ನೋಡವ್ವ, ಅಷ್ಟ ಸಾಕು" ಎಂದರು. ನನಗೆ ಸಿಕ್ಕ ಯಾವ ಪ್ರಶಸ್ತಿ ಪತ್ರಕ್ಕಿಂತ ಅದು ದೊಡ್ಡದು. ಆ ಮಾತಿಗೆ ನಾನು ಎಷ್ಟು ಅರ್ಹಳು ಎಂಬುದು ನನಗೆ ಮಾತ್ರ ಗೊತ್ತು.

ಸಹೋದರಿಯರೇ, ನಿಮ್ಮಲ್ಲಿ ಹಲವರು ತಂಡ ನಡೆಸುತ್ತೀರಿ. ಉಳಿದವರೂ ಮನೆ ನಡೆಸುತ್ತೀರಿ, ಸಂಘದ ಸಮಿತಿ ನಡೆಸುತ್ತೀರಿ. ಎಲ್ಲ ಕಡೆ ಕೆಲಸ ಮುಗಿಸಲು ನಮಗೆ ಎರಡು ದಾರಿ ಕಾಣುತ್ತದೆ: ಬೆನ್ನು ಹತ್ತುವುದು, ಇಲ್ಲವೇ ಬೆನ್ನಿಗೆ ನಿಲ್ಲುವುದು. ಬೆನ್ನು ಹತ್ತಿದರೂ ಕೆಲಸವಾಗುತ್ತದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆನ್ನು ಹತ್ತಿದವರಿಗೆ ಓಡುವವರ ಮುಖ ಕಾಣುವುದಿಲ್ಲ.

ನಾಳೆ ಸೋಮವಾರ. ನಿಮ್ಮ ಜೊತೆ ಕೆಲಸ ಮಾಡುವ ಒಬ್ಬರನ್ನಾದರೂ ಕರೆದು, "ಈ ವಾರ ನಿಮಗೆ ಯಾವುದು ಭಾರ?" ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರ ಕೂಡಲೇ ಬರುವುದಿಲ್ಲ. ನಿಮ್ಮನ್ನು ಯಾರಾದರೂ ಕೇಳಿದರೆ, ದಯವಿಟ್ಟು ನೀವೂ "ಚೆನ್ನಾಗಿದ್ದೀನಿ" ಎಂದು ಹೇಳಿಬಿಡಬೇಡಿ.

ಕಾಶಿಗೆ ಬಂದಾಗ ಮನೆಗೆ ಬನ್ನಿ. ಚಾಚಿಯ ಕಚೌಡಿ ಆ ಜಾಗದಲ್ಲಿ ಈಗ ಇಲ್ಲ, ನಮ್ಮ ಮನೆಯಲ್ಲಿ ಉಪ್ಪಿಟ್ಟು ಖಂಡಿತ ಇದೆ.